ಫೌಂಡೇಶನ್ ವರ್ಷದಿಂದ ಕೆಮಿಕಲ್ ಇಂಜಿನಿಯರಿಂಗ್‌ಗೆ: ಬ್ರಿಟನ್‌ನಲ್ಲಿ ಓದಲು ಹೊರಟವರಿಗೆ ಸಮಗ್ರ ಮಾರ್ಗದರ್ಶಿ

"ಫೌಂಡೇಶನ್ ವರ್ಷ ಪಾಸಾಯಿತು, ಆದರೂ ಕೆಮಿಕಲ್ ಇಂಜಿನಿಯರಿಂಗ್ ಮೊದಲ ವರ್ಷಕ್ಕೆ ತೆಗೆದುಕೊಳ್ಳಲಿಲ್ಲ." ಬ್ರಿಟನ್‌ಗೆ ಹೋದ ಮಕ್ಕಳಿಂದ, ಅವರ ಅಪ್ಪ ಅಮ್ಮಂದಿರಿಂದ ಈ ಮಾತು ಮತ್ತೆ ಮತ್ತೆ ಕೇಳಿ ಬರುತ್ತಿದೆ. ಫೌಂಡೇಶನ್ ಅಂದರೆ ಪದವಿಯ ಮೊದಲ ವರ್ಷಕ್ಕೂ ಮುಂಚೆ ಓದುವ ತಯಾರಿ ವರ್ಷ. ಬಹಳ ಸಲ ಕಾರಣ ಒಂದೇ. ಪಾಸಾಗುವುದು ಬೇರೆ, ಮುಂದಿನ ವರ್ಷಕ್ಕೆ ಅರ್ಹತೆ ಪಡೆಯುವುದು ಬೇರೆ. ಈ ಅರ್ಹತೆಗೆ ಅಲ್ಲಿ ಪ್ರೋಗ್ರೆಷನ್ ಅನ್ನುತ್ತಾರೆ. ಮೊದಲ ದಿನದಿಂದಲೇ ಅದನ್ನು ಗುರಿ ಇಟ್ಟುಕೊಳ್ಳದವರು ಮೇ ತಿಂಗಳ ಪರೀಕ್ಷೆ ಹತ್ತಿರ ಬಂದಾಗ ಎಚ್ಚರಗೊಳ್ಳುತ್ತಾರೆ, ಅಷ್ಟರಲ್ಲಿ ಅರ್ಧಕ್ಕೂ ಹೆಚ್ಚು ಅಂಕ ಆಗಲೇ ಮುಗಿದಿರುತ್ತದೆ.

ಆದ್ದರಿಂದ ಈ ಕೋರ್ಸ್ ಎಷ್ಟು ಒಳ್ಳೆಯದು ಅನ್ನುವ ಮಾತು ಇಲ್ಲಿ ಬೇಡ. ಯಾವುದನ್ನು ಯಾವಾಗ ಮಾಡಬೇಕು, ಎಲ್ಲಿ ಎಡವುತ್ತಾರೆ, ಅಷ್ಟನ್ನೇ ನೋಡೋಣ.

## ಹಂತ 1: ನಿಮಗೆ ಫೌಂಡೇಶನ್ ಬೇಕೇ, ಮೊದಲು ಅದನ್ನು ನೋಡಿ

ಫೌಂಡೇಶನ್ ವರ್ಷ ಇರುವುದು ಗಣಿತ, ಕೆಮಿಸ್ಟ್ರಿ, ಫಿಸಿಕ್ಸ್ ಇವುಗಳಲ್ಲಿ ತಳಪಾಯ ಸಾಲದವರಿಗೆ. ಪಿಯುಸಿಯಲ್ಲಿ ಪಿಸಿಎಂಬಿ ಅಥವಾ ಪಿಸಿಎಂಸಿ ತೆಗೆದುಕೊಂಡು ಒಳ್ಳೆಯ ಅಂಕ ಬಂದಿದ್ದರೆ ಅನೇಕ ಬ್ರಿಟಿಷ್ ವಿಶ್ವವಿದ್ಯಾಲಯಗಳು ನೇರವಾಗಿ ಮೊದಲ ವರ್ಷಕ್ಕೇ ತೆಗೆದುಕೊಳ್ಳುತ್ತವೆ. ಹಾಗಿದ್ದಾಗ ಫೌಂಡೇಶನ್ ಅಂದರೆ ಒಂದು ವರ್ಷ ಜಾಸ್ತಿ, ಒಂದು ವರ್ಷದ ಫೀ ಜಾಸ್ತಿ. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ "ನಿಮ್ಮ ದೇಶ" ಅನ್ನುವ ಭಾಗಕ್ಕೆ ಹೋಗಿ, ಭಾರತ ಆಯ್ಕೆ ಮಾಡಿ, 12ನೇ ತರಗತಿಗೆ ಏನು ಕೇಳುತ್ತಾರೆ ನೋಡಿ. ಸಿಬಿಎಸ್‌ಇ ಮತ್ತು ರಾಜ್ಯ ಮಂಡಳಿಗೆ ಬೇರೆ ಬೇರೆ ಶೇಕಡಾ ಕೇಳುವ ಕಡೆಗಳೂ ಇವೆ. ಎರಡನ್ನೂ ಓದಿ.

ನಿಜವಾಗಿ ಬೇಕಾಗುವುದು ಇಂಥವರಿಗೆ: ಪಿಯುಸಿಯಲ್ಲಿ ಕಾಮರ್ಸ್ ಓದಿ ಮನಸ್ಸು ಬದಲಾದವರು, ಸೈನ್ಸ್ ಓದಿದ್ದರೂ ಗಣಿತ ಇಲ್ಲದವರು, ಗಣಿತ ಇದ್ದರೂ ಅಂಕ ತೀರಾ ಕಡಿಮೆ ಬಂದವರು. ಕರ್ನಾಟಕದಲ್ಲಿ ಇಂಜಿನಿಯರಿಂಗ್‌ಗೆ ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ ಇರಲೇಬೇಕು, ಸಿಇಟಿ ಬರೆಯುವಾಗ ಫೌಂಡೇಶನ್ ಅನ್ನುವ ಬಾಗಿಲೇ ಇಲ್ಲ. ಕಾಮರ್ಸ್ ಹುಡುಗರು ಬ್ರಿಟನ್ ಕಡೆ ನೋಡುವುದು ಇದಕ್ಕೇ. ಅಲ್ಲೇ ನೆಲೆಸಿರುವ ಕನ್ನಡಿಗರ ಮಕ್ಕಳು ಇನ್ನೊಂದು ಗುಂಪು. ಎ ಲೆವೆಲ್‌ನಲ್ಲಿ (ನಮ್ಮ ಪಿಯುಸಿಯಂಥದ್ದು) ಬಯಾಲಜಿ, ಸೈಕಾಲಜಿ ತೆಗೆದುಕೊಂಡು, 16ನೇ ವಯಸ್ಸಿನಲ್ಲಿ ಗಣಿತ ಬಿಟ್ಟಿದ್ದು ತಪ್ಪಾಯಿತು ಅಂತ ಅವರಿಗೆ ಆಮೇಲೆ ಗೊತ್ತಾಗುತ್ತದೆ.

ಏಜೆಂಟ್ ಮೂಲಕ ಹೋಗುತ್ತಿದ್ದರೆ ಇಲ್ಲಿ ಜಾಗ್ರತೆ. ಏಜೆಂಟರಿಗೆ ಕಮಿಷನ್ ಬರುವುದು ವಿಶ್ವವಿದ್ಯಾಲಯದಿಂದ ಅಥವಾ ಫೌಂಡೇಶನ್ ನಡೆಸುವ ಸಂಸ್ಥೆಯಿಂದ. "ನೇರವಾಗಿ ಮೊದಲ ವರ್ಷಕ್ಕೆ ನನಗೆ ಯಾಕೆ ಸಿಗುವುದಿಲ್ಲ, ಬರಹದಲ್ಲಿ ತೋರಿಸಿ" ಅಂತ ಕೇಳಿ. ಉತ್ತರ ತೇಲಿಸಿದರೆ ನೀವೇ ವಿಶ್ವವಿದ್ಯಾಲಯದ ಅಡ್ಮಿಷನ್ ವಿಭಾಗಕ್ಕೆ ಅಂಕಪಟ್ಟಿ ಹಾಕಿ ಇಮೇಲ್ ಮಾಡಿ. ಉತ್ತರ ಕೊಡುತ್ತಾರೆ.

## ಹಂತ 2: ಯಾವ ತರದ ಫೌಂಡೇಶನ್ ಅನ್ನುವುದು ಗೊತ್ತಿರಲಿ

ಹೆಸರು ಒಂದೇ ಆದರೂ ಒಳಗೆ ಎರಡು ಬೇರೆ ವ್ಯವಸ್ಥೆಗಳಿವೆ.

ಮೊದಲನೆಯದು ಇಂಟಿಗ್ರೇಟೆಡ್ ಫೌಂಡೇಶನ್. ಇದು ಪದವಿಯದೇ ಭಾಗ. ಫೌಂಡೇಶನ್ ಒಂದು ವರ್ಷ, ಬಿಇಂಜ್ (ಇಂಜಿನಿಯರಿಂಗ್ ಪದವಿ) ಮೂರು ವರ್ಷ, ಒಟ್ಟು ನಾಲ್ಕು. ಎಂಇಂಜ್ (ಮಾಸ್ಟರ್ಸ್ ಮಟ್ಟವೂ ಸೇರಿದ ಪದವಿ) ಆದರೆ ಐದು. ನಡುವೆ ಕಾರ್ಖಾನೆಯಲ್ಲಿ ಒಂದು ವರ್ಷ ಕೆಲಸ ಸೇರಿಸಿಕೊಂಡರೆ ಇನ್ನೊಂದು. ಮ್ಯಾಂಚೆಸ್ಟರ್, ಸರ್ರೆ, ಟೀಸೈಡ್ ಇಂಥ ವಿಶ್ವವಿದ್ಯಾಲಯಗಳು ಕೆಮಿಕಲ್ ಇಂಜಿನಿಯರಿಂಗ್‌ಗೆ ಹೀಗೆ ಸೇರಿಸಿಕೊಂಡು ಬಂದಿವೆ. ಕೆಲವು ಕಡೆ ಇದು ಬ್ರಿಟನ್ ವಿದ್ಯಾರ್ಥಿಗಳಿಗೆ ಮಾತ್ರ ಇರುತ್ತದೆ. ನಮ್ಮವರಿಗೆ ಇದೆಯೇ ಅನ್ನುವುದನ್ನು ಅರ್ಜಿ ಹಾಕುವ ಮುಂಚೆ ನೋಡಿ.

ಎರಡನೆಯದು ಹೊರದೇಶದ ವಿದ್ಯಾರ್ಥಿಗಳಿಗೆಂದೇ ಇರುವ ಇಂಟರ್‌ನ್ಯಾಷನಲ್ ಫೌಂಡೇಶನ್. ಇದನ್ನು ಕ್ಯಾಪ್ಲಾನ್, ಇಂಟೋ, ನ್ಯಾವಿಟಾಸ್, ಸ್ಟಡಿ ಗ್ರೂಪ್ ಮೊದಲಾದ ಸಂಸ್ಥೆಗಳು ವಿಶ್ವವಿದ್ಯಾಲಯಗಳ ಜೊತೆ ಸೇರಿ ನಡೆಸುತ್ತವೆ. ಅಲ್ಲಿ ಮುಗಿಸಿದ ಮೇಲೆ ವಿಶ್ವವಿದ್ಯಾಲಯದ ಮೊದಲ ವರ್ಷ.

ಇವೆರಡರ ನಡುವಿನ ವ್ಯತ್ಯಾಸ ನೇರವಾಗಿ ಜೇಬಿಗೆ ತಟ್ಟುತ್ತದೆ. ಪದವಿ ಮಟ್ಟದ ಕೋರ್ಸಿಗೆ (ಇಂಟಿಗ್ರೇಟೆಡ್ ಸಾಮಾನ್ಯವಾಗಿ ಹೀಗೆ) ವೀಸಾ ಸಿಕ್ಕಿದವರು ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಪದವಿಗಿಂತ ಕೆಳಗಿನ ಮಟ್ಟದ್ದಾದರೆ 10 ಗಂಟೆ ಮಾತ್ರ. ಎರಡನೇ ತರದ ಪ್ರತ್ಯೇಕ ಫೌಂಡೇಶನ್ ಆದರೆ ಮುಗಿದ ಮೇಲೆ ಪದವಿಗೆ ಇನ್ನೊಂದು ವೀಸಾ, ಇನ್ನೊಂದು ಫೀ, ಮತ್ತೆ ಹಣದ ದಾಖಲೆ. ಇಂಗ್ಲಿಷ್ ಪರೀಕ್ಷೆಯಲ್ಲೂ ವ್ಯತ್ಯಾಸವಿದೆ. ಪದವಿಗಿಂತ ಕೆಳಗಿನ ಕೋರ್ಸಿಗೆ ಬ್ರಿಟನ್ ಸರ್ಕಾರ ಒಪ್ಪಿದ ಪರೀಕ್ಷೆಯೇ ಆಗಬೇಕು, ಅಂದರೆ ಸಾಮಾನ್ಯ ಐಇಎಲ್‌ಟಿಎಸ್ ಸಾಲದು, "ಫಾರ್ ಯುಕೆವಿಐ" ಅಂತ ಇರುವುದನ್ನೇ ಬರೆಯಬೇಕು. ಹೆಸರಿನಲ್ಲಿ ಎರಡು ಪದ ನೋಡದೆ ತಪ್ಪು ಪರೀಕ್ಷೆ ಬುಕ್ ಮಾಡಿ ದುಡ್ಡು ಕಳೆದುಕೊಳ್ಳಬೇಡಿ.

ಸ್ಕಾಟ್‌ಲೆಂಡ್‌ನಲ್ಲಿ ಪದವಿಯೇ ನಾಲ್ಕು ವರ್ಷ, ಎಂಇಂಜ್ ಐದು. ಸ್ಟ್ರಾತ್‌ಕ್ಲೈಡ್, ಹೆರಿಯಟ್-ವಾಟ್, ಎಡಿನ್‌ಬರೊ ನೋಡುತ್ತಿರುವವರು ಈ ಲೆಕ್ಕ ಇಟ್ಟುಕೊಳ್ಳಿ.

ಇನ್ನು ಮಾನ್ಯತೆ. ಕೆಮಿಕಲ್ ಇಂಜಿನಿಯರ್‌ಗಳ ವೃತ್ತಿ ಸಂಸ್ಥೆ ಐಕೆಮ್‌ಇ, 1922ರಿಂದ ಇದೆ, ಕಚೇರಿ ರಗ್ಬಿ ಊರಿನಲ್ಲಿ. ನೀವು ಸೇರುವ ಪದವಿ ಅದರ ಮಾನ್ಯತೆ ಪಟ್ಟಿಯಲ್ಲಿದೆಯೇ ಅಂತ ಅದರ ವೆಬ್‌ಸೈಟಿನಲ್ಲೇ ನೋಡಿ, ಕೋರ್ಸಿನ ಕರಪತ್ರ ನಂಬಬೇಡಿ. ಮುಂದೆ ಚಾರ್ಟರ್ಡ್ ಇಂಜಿನಿಯರ್ (ಅಲ್ಲಿನ ಉನ್ನತ ವೃತ್ತಿ ಮಾನ್ಯತೆ) ಆಗಬೇಕಾದರೆ ಮಾನ್ಯತೆ ಇರುವ ಎಂಇಂಜ್ ಓದಿನ ಪಾಲನ್ನು ಪೂರ್ತಿ ಮುಗಿಸಿಕೊಡುತ್ತದೆ. ಬಿಇಂಜ್ ಆದರೆ ಆಮೇಲೆ ಇನ್ನಷ್ಟು ಓದಬೇಕು.

## ಹಂತ 3: ಅರ್ಜಿಗೂ ಮುಂಚೆ ಪ್ರೋಗ್ರೆಷನ್ ನಿಯಮ ಓದಿ

ಜಾಸ್ತಿ ಜನ ಬಿಟ್ಟುಬಿಡುವ ಹಂತ ಇದೇ. ನನ್ನ ಪ್ರಕಾರ ಇಡೀ ಮಾರ್ಗದರ್ಶಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ.

ಬ್ರಿಟನ್‌ನಲ್ಲಿ ಒಂದು ವಿಷಯ ಪಾಸಾಗಲು ಸಾಮಾನ್ಯವಾಗಿ 40 ಸಾಕು. ಆದರೆ ಫೌಂಡೇಶನ್‌ನಿಂದ ಕೆಮಿಕಲ್ ಇಂಜಿನಿಯರಿಂಗ್‌ಗೆ ದಾಟಲು ಒಟ್ಟು ಇಷ್ಟು, ಗಣಿತದಲ್ಲಿ ಇಷ್ಟು, ಕೆಮಿಸ್ಟ್ರಿಯಲ್ಲಿ ಇಷ್ಟು ಅಂತ ಬೇರೆ ಗೆರೆ ಎಳೆದಿರುತ್ತಾರೆ, ಮತ್ತು ಅದು 40ಕ್ಕಿಂತ ಬಹಳ ಮೇಲಿರಬಹುದು. ಒಂದು ಕಡೆ ಕಡಿಮೆ, ಇನ್ನೊಂದು ಕಡೆ ಹೆಚ್ಚು. ಅದೇ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್‌ಗೆ ಒಂದು, ಕೆಮಿಕಲ್‌ಗೆ ಇನ್ನೊಂದು ಇರಬಹುದು.

ಇಮೇಲ್‌ನಲ್ಲಿ ನಾಲ್ಕು ಪ್ರಶ್ನೆ ಕೇಳಿ:

1. ಕೆಮಿಕಲ್ ಇಂಜಿನಿಯರಿಂಗ್ ಮೊದಲ ವರ್ಷಕ್ಕೆ ಒಟ್ಟು ಎಷ್ಟು ಬೇಕು, ಪ್ರತಿ ವಿಷಯದಲ್ಲಿ ಎಷ್ಟು ಬೇಕು?
2. ಅಷ್ಟು ಬಂದರೆ ಸೀಟು ಖಚಿತವೇ, ಅಥವಾ ಮತ್ತೆ ಆಯ್ಕೆ ನಡೆಯುತ್ತದೆಯೇ?
3. ಆಗಸ್ಟ್‌ನಲ್ಲಿ ಮರುಪರೀಕ್ಷೆ ಬರೆದರೆ ಅಂಕಕ್ಕೆ ಮಿತಿ ಇದೆಯೇ?
4. ದಾಟದಿದ್ದರೆ ಬೇರೆ ಯಾವ ಕೋರ್ಸಿಗೆ ಬಿಡುತ್ತೀರಿ?

ಮೂರನೇ ಪ್ರಶ್ನೆ ಯಾಕೆ ಅಂದರೆ, ಅನೇಕ ಕಡೆ ಮರುಪರೀಕ್ಷೆಯಲ್ಲಿ ಎಷ್ಟೇ ಚೆನ್ನಾಗಿ ಬರೆದರೂ 40ಕ್ಕೆ ಮಿತಿ ಹಾಕುತ್ತಾರೆ. ದಾಟಲು 60 ಬೇಕು, ಮರುಪರೀಕ್ಷೆಯಲ್ಲಿ ಸಿಗುವುದು 40 ಅಂದರೆ ಆ ಪರೀಕ್ಷೆ ಬರೆದರೂ ಕೆಮಿಕಲ್ ಇಂಜಿನಿಯರಿಂಗ್ ಸಿಗುವುದಿಲ್ಲ. "ಸಪ್ಲಿಮೆಂಟರಿಯಲ್ಲಿ ನೋಡಿಕೊಂಡರಾಯಿತು" ಅನ್ನುವ ನಮ್ಮ ಅಭ್ಯಾಸ ಅಲ್ಲಿ ಮುಳುಗಿಸುತ್ತದೆ.

ಅಂಕದ ಅಳತೆಯೂ ಬೇರೆ. ಅಲ್ಲಿ 70 ಅಂದರೆ ಫಸ್ಟ್ ಕ್ಲಾಸ್. ಪಿಯುಸಿಯಲ್ಲಿ 90 ನೋಡಿದ ಮನೆಯವರು 65 ನೋಡಿ ಮಗುವನ್ನು ಬೈಯುತ್ತಾರೆ. ದಯವಿಟ್ಟು ಬೈಯಬೇಡಿ, ಅದು ಒಳ್ಳೆಯ ಅಂಕ.

## ಹಂತ 4: ಅರ್ಜಿ

ಇಂಟಿಗ್ರೇಟೆಡ್ ಕೋರ್ಸಿಗೆ ಅರ್ಜಿ ಹೋಗುವುದು ಯುಕಾಸ್ ಮೂಲಕ, ಅದು ಬ್ರಿಟನ್ ವಿಶ್ವವಿದ್ಯಾಲಯಗಳಿಗೆ ಒಂದೇ ಕಡೆ ಅರ್ಜಿ ಹಾಕುವ ವ್ಯವಸ್ಥೆ. ಐದು ಆಯ್ಕೆ ಇರುತ್ತದೆ. ಜನವರಿ ಮಧ್ಯದ ಗಡುವಿನೊಳಗೆ ಬಂದ ಅರ್ಜಿಗಳನ್ನು ಸಮಾನವಾಗಿ ನೋಡುತ್ತಾರೆ. 2026ರ ಪ್ರವೇಶಕ್ಕೆ ಅದು ಜನವರಿ 14 ಆಗಿತ್ತು. ಪ್ರತ್ಯೇಕ ಫೌಂಡೇಶನ್ ಆದರೆ ಸಾಮಾನ್ಯವಾಗಿ ಆಯಾ ಸಂಸ್ಥೆಗೇ ನೇರ ಅರ್ಜಿ.

ಕೋರ್ಸಿನ ಕೋಡ್ ಎರಡು ಸಲ ನೋಡಿ. ಫೌಂಡೇಶನ್ ಇರುವ ಕೋರ್ಸಿಗೂ ಇಲ್ಲದ ಕೋರ್ಸಿಗೂ ಹೆಸರು ಹತ್ತಿರ ಹತ್ತಿರ ಇರುತ್ತದೆ. ಕೆಲವು ಕಡೆ ಕೋಡ್ ಒಂದೇ ಇದ್ದು, "ಪಾಯಿಂಟ್ ಆಫ್ ಎಂಟ್ರಿ" ಅನ್ನುವ ಜಾಗದಲ್ಲಿ 0 ಆರಿಸಬೇಕಾಗುತ್ತದೆ. ಅದನ್ನು ಬಿಟ್ಟರೆ ನೇರ ಮೊದಲ ವರ್ಷಕ್ಕೆ ಅರ್ಜಿ ಹೋಗಿ ತಿರಸ್ಕಾರ ಬರುತ್ತದೆ.

2026ರ ಪ್ರವೇಶದಿಂದ ಪರ್ಸನಲ್ ಸ್ಟೇಟ್‌ಮೆಂಟ್ (ಅರ್ಜಿಯಲ್ಲಿ ನಿಮ್ಮ ಬಗ್ಗೆ ನೀವೇ ಬರೆಯುವ ಭಾಗ) ಮೂರು ಪ್ರಶ್ನೆಗಳಾಗಿದೆ: ಈ ಕೋರ್ಸ್ ಯಾಕೆ, ಈವರೆಗಿನ ಓದು ಹೇಗೆ ತಯಾರಿ ಮಾಡಿದೆ, ತರಗತಿಯ ಹೊರಗೆ ಏನು ಮಾಡಿದ್ದೀರಿ. ಒಟ್ಟು 4000 ಅಕ್ಷರ, ಪ್ರತಿ ಉತ್ತರಕ್ಕೆ ಕನಿಷ್ಠ 350. ಇಲ್ಲಿ "ಚಿಕ್ಕಂದಿನಿಂದ ಕೆಮಿಸ್ಟ್ರಿ ಅಂದರೆ ಇಷ್ಟ" ಅಂತ ಶುರು ಮಾಡಬೇಡಿ. ಕೆಮಿಸ್ಟ್ರಿಗೂ ಕೆಮಿಕಲ್ ಇಂಜಿನಿಯರಿಂಗ್‌ಗೂ ಇರುವ ವ್ಯತ್ಯಾಸ ನಿಮಗೆ ಗೊತ್ತಿದೆ ಅಂತ ತೋರಿಸಿ. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲಿನಿಂದ ನೀರು ತೆಗೆಯುವುದು, ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿ ಕಚ್ಚಾ ತೈಲವನ್ನು ಬೇರೆ ಬೇರೆ ಮಾಡುವುದು, ನಂದಿನಿ ಹಾಲಿನಪುಡಿ ಘಟಕದಲ್ಲಿ ಹಾಲು ಒಣಗಿಸುವುದು, ಇವೆಲ್ಲ ಇದೇ ವಿದ್ಯೆ. ಹತ್ತಿರದ ಒಂದು ಘಟಕಕ್ಕೆ ಹೋಗಿ ನೋಡಿ ಬಂದು, ಒಳಗೆ ಏನು ಹೋಗುತ್ತದೆ, ಹೊರಗೆ ಏನು ಬರುತ್ತದೆ, ಶಾಖ ಎಲ್ಲಿಂದ ಬರುತ್ತದೆ ಅಂತ ಎರಡು ಪ್ಯಾರಾ ಬರೆದರೆ ಹತ್ತು ಸರ್ಟಿಫಿಕೇಟಿಗಿಂತ ಮೇಲು.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತೆಗೆದಿಡಿ, ಗಣಿತ ಮತ್ತು ಇಂಗ್ಲಿಷ್ ಅಂಕ ಕೇಳುತ್ತಾರೆ. ಕಾಲೇಜಿನಿಂದ ಶಿಫಾರಸು ಪತ್ರ, ಮತ್ತು ಎರಡನೇ ಪಿಯುಸಿಯಲ್ಲಿ ಎಷ್ಟು ಬರಬಹುದು ಅನ್ನುವ ಅಂದಾಜು ಅಂಕ ಬೇಕಾಗುತ್ತದೆ. ನಮ್ಮ ಕಾಲೇಜುಗಳಿಗೆ ಅಂದಾಜು ಅಂಕ ಕೊಟ್ಟು ರೂಢಿ ಇಲ್ಲ. ನವೆಂಬರ್‌ನಲ್ಲೇ ಪ್ರಿನ್ಸಿಪಾಲರನ್ನು ಕಂಡು, ಮಧ್ಯವಾರ್ಷಿಕ ಪರೀಕ್ಷೆಯ ಅಂಕ ತೋರಿಸಿ ಕೇಳಿ. ಜನವರಿಯಲ್ಲಿ ಕೇಳಿದರೆ ಅವರು ಪೂರ್ವಸಿದ್ಧತಾ ಪರೀಕ್ಷೆಯ ಗಡಿಬಿಡಿಯಲ್ಲಿರುತ್ತಾರೆ.

## ಹಂತ 5: ದುಡ್ಡು ಮತ್ತು ವೀಸಾ, ಇದೇ ಕ್ರಮದಲ್ಲಿ

ಹೊರದೇಶದವರಿಗೆ ಫೌಂಡೇಶನ್ ವರ್ಷದ ಫೀಗೂ ಮುಂದಿನ ವರ್ಷಗಳ ಫೀಗೂ ವ್ಯತ್ಯಾಸ ಇರುತ್ತದೆ, ಫೌಂಡೇಶನ್ ಅಗ್ಗ ಇರಬಹುದು. ಅದೊಂದನ್ನೇ ನೋಡಿ ಸಾಲ ತೆಗೆಯಬೇಡಿ. ಎಲ್ಲಾ ವರ್ಷದ ಫೀ, ಪ್ರತಿ ವರ್ಷ ಏರುವ ಪಾಲು, ಊಟ ಬಾಡಿಗೆ, ಎಲ್ಲ ಒಂದೇ ಹಾಳೆಯಲ್ಲಿ ಬರೆದು ಕೂಡಿಸಿ.

ಅಲ್ಲೇ ಇರುವ ಕನ್ನಡಿಗ ಕುಟುಂಬಗಳಿಗೆ ಒಂದು ಮಾತು. ಮಗು ಹತ್ತು ವರ್ಷ ಅಲ್ಲೇ ಓದಿದೆ ಅಂದ ಮಾತ್ರಕ್ಕೆ ಹೋಮ್ ಫೀ, ಅಂದರೆ ಅಲ್ಲಿನವರಿಗಿರುವ ಕಡಿಮೆ ಫೀ, ಸಿಗುವುದಿಲ್ಲ. ಅಪ್ಪ ಅಮ್ಮ ಇನ್ನೂ ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದು ಖಾಯಂ ವಾಸದ ಅನುಮತಿ ಬಂದಿಲ್ಲದಿದ್ದರೆ ಸಾಮಾನ್ಯವಾಗಿ ಹೊರದೇಶದವರ ಫೀಯೇ. ಕೋರ್ಸ್ ಶುರುವಾಗುವ ಮೊದಲ ದಿನಕ್ಕೆ ಯಾವ ಸ್ಥಿತಿ ಇರುತ್ತದೆ ಅನ್ನುವುದನ್ನು ಒಂದು ವರ್ಷ ಮುಂಚೆ ಲೆಕ್ಕ ಹಾಕಿ. ಹೋಮ್ ಸ್ಥಿತಿ ಇದ್ದವರಿಗೆ ಇಂಗ್ಲೆಂಡ್‌ನಲ್ಲಿ ಇಂಟಿಗ್ರೇಟೆಡ್ ಫೌಂಡೇಶನ್‌ಗೂ ಸರ್ಕಾರಿ ವಿದ್ಯಾರ್ಥಿ ಸಾಲ ಸಿಗುತ್ತದೆ.

ಕರ್ನಾಟಕದಿಂದ ಹೋಗುವವರ ಕ್ರಮ ಹೀಗೆ:

1. ಆಫರ್‌ನ ಷರತ್ತು ಪೂರೈಸಿ, ಠೇವಣಿ ಕಟ್ಟಿ, ಕ್ಯಾಸ್ ಸಂಖ್ಯೆ (ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಪ್ರವೇಶದ ದೃಢೀಕರಣ) ಪಡೆಯಿರಿ.
2. ಎಂಇಂಜ್ ಆಫರ್ ಆದರೆ ಏಟಾಸ್ ಪ್ರಮಾಣಪತ್ರ (ಕೆಲವು ತಾಂತ್ರಿಕ ವಿಷಯ ಓದಲು ಬ್ರಿಟನ್ ಸರ್ಕಾರ ಕೊಡುವ ಭದ್ರತಾ ಅನುಮತಿ) ಬೇಕೇ ನೋಡಿ. ಕೆಮಿಕಲ್ ಇಂಜಿನಿಯರಿಂಗ್ ಆ ಪಟ್ಟಿಯಲ್ಲಿದೆ, ಭಾರತೀಯರಿಗೆ ವಿನಾಯಿತಿ ಇಲ್ಲ. ಶುಲ್ಕ ಇಲ್ಲ, ಆದರೆ ಕನಿಷ್ಠ 30 ಕೆಲಸದ ದಿನ ಹಿಡಿಯುತ್ತದೆ. ಬಿಇಂಜ್‌ಗೆ ಬೇಡ.
3. ಟಿಬಿ ಪರೀಕ್ಷೆ ಮಾಡಿಸಿ. ಒಪ್ಪಿಗೆ ಇರುವ ಕ್ಲಿನಿಕ್‌ನಲ್ಲೇ ಆಗಬೇಕು, ಬೆಂಗಳೂರಿನಲ್ಲಿ ಇವೆ. ಪತ್ರಕ್ಕೆ ಆರು ತಿಂಗಳ ಆಯುಷ್ಯ.
4. ಹಣ 28 ದಿನ ಖಾತೆಯಲ್ಲಿ ಕದಲದೆ ಇರಲಿ.
5. ಆಮೇಲೆ ವೀಸಾ ಅರ್ಜಿ.

ನಾಲ್ಕನೆಯದರಲ್ಲಿ ಬಹಳ ಜನ ಬೀಳುತ್ತಾರೆ. ಮೊದಲ ವರ್ಷದ ಬಾಕಿ ಫೀ ಜೊತೆಗೆ ಒಂಬತ್ತು ತಿಂಗಳ ಖರ್ಚು ತೋರಿಸಬೇಕು. 2025ರ ನವೆಂಬರ್‌ನಿಂದ ಅದು ಲಂಡನ್‌ನಲ್ಲಿ ತಿಂಗಳಿಗೆ 1529 ಪೌಂಡ್, ಹೊರಗೆ 1171. ಅಂದರೆ ಲಂಡನ್ ಹೊರಗೆ 10,539 ಪೌಂಡ್. ಒಂದು ದಿನ, ಒಂದು ರೂಪಾಯಿ ಕಡಿಮೆ ಆದರೂ 28 ದಿನ ಮತ್ತೆ ಮೊದಲಿನಿಂದ. ರೂಪಾಯಿ ಬೆಲೆ ಇಳಿದರೂ ಕಡಿಮೆ ಬೀಳಬಹುದು, ಹಾಗಾಗಿ ಸ್ವಲ್ಪ ಜಾಸ್ತಿಯೇ ಇಡಿ. ಖಾತೆ ವಿದ್ಯಾರ್ಥಿಯದ್ದು ಅಥವಾ ಅಪ್ಪ ಅಮ್ಮನದ್ದು ಆಗಿರಬೇಕು. ಸೋದರಮಾವ, ದೊಡ್ಡಪ್ಪ, ಅಜ್ಜನ ಖಾತೆ ನಡೆಯುವುದಿಲ್ಲ, ಅವರು ಕಾನೂನುಬದ್ಧ ಪೋಷಕರಾಗಿದ್ದರೆ ಮಾತ್ರ. ಮಾವ ಕೊಡುವುದಾದರೆ 28 ದಿನಕ್ಕೂ ಮುಂಚೆ ಅಪ್ಪನ ಖಾತೆಗೆ ಬರಲಿ. ಅಪ್ಪ ಅಮ್ಮನ ಹಣ ತೋರಿಸುವಾಗ ಜನನ ಪ್ರಮಾಣಪತ್ರ ಮತ್ತು ಒಪ್ಪಿಗೆ ಪತ್ರ ಬೇಕು. ಜನನ ಪ್ರಮಾಣಪತ್ರದಲ್ಲಿ ಹೆಸರಿಗೂ ಪಾಸ್‌ಪೋರ್ಟ್ ಹೆಸರಿಗೂ ಇನಿಷಿಯಲ್ ವ್ಯತ್ಯಾಸ ನಮ್ಮಲ್ಲಿ ಸಾಮಾನ್ಯ, ಅಲ್ವಾ? ಅದನ್ನು ಈಗಲೇ ಸರಿಮಾಡಿಸಿಕೊಳ್ಳಿ.

ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗಾಗಿ ವೀಸಾ ಅರ್ಜಿ ಜೊತೆ ಕಟ್ಟುವ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್. ವೀಸಾ ಅವಧಿಯ ಪೂರ್ತಿ ಮೊತ್ತ ಮೊದಲೇ ಕಟ್ಟಬೇಕು, ನಾಲ್ಕು ವರ್ಷಕ್ಕೇ 3000 ಪೌಂಡ್ ದಾಟುತ್ತದೆ. ಓದಿದ ಮೇಲೆ ಕೆಲಸ ಹುಡುಕಲು ಸಿಗುವ ಗ್ರಾಜುಯೇಟ್ ವೀಸಾ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಎರಡು ವರ್ಷದ ಬದಲು 18 ತಿಂಗಳು. ಸಾಲ ತೀರಿಸುವ ಲೆಕ್ಕದಲ್ಲಿ ಇದನ್ನು ಸೇರಿಸಿ.

ವೀಸಾ ಮೊತ್ತಗಳು ಬದಲಾಗುತ್ತಲೇ ಇರುತ್ತವೆ. ಅರ್ಜಿ ಹಾಕುವ ವಾರ ಬ್ರಿಟನ್ ಸರ್ಕಾರದ ವೆಬ್‌ಸೈಟ್ ನೋಡಿಯೇ ಮುಂದುವರಿಯಿರಿ.

## ಹಂತ 6: ಹೊರಡುವ ಮುಂಚಿನ ಮೂರು ತಿಂಗಳು

ಜೂನ್‌ನಿಂದ ಆಗಸ್ಟ್‌ವರೆಗೆ ಸುಮ್ನೆ ಕೂರಬೇಡಿ. ದಿನಕ್ಕೆ ಎರಡು ಗಂಟೆ ಗಣಿತ ಸಾಕು, ಆದರೆ ಕ್ರಮ ಮುಖ್ಯ.

ಮೊದಲು ಬೀಜಗಣಿತ. ಸೂತ್ರದಲ್ಲಿ ಬೇಕಾದ ಅಕ್ಷರವನ್ನು ಒಂದು ಕಡೆ ತರುವುದು ಕೈಗೆ ಕೂರಬೇಕು. ಆಮೇಲೆ ಘಾತಗಳು, ಲಾಗ್, ಇ ಘಾತ. ಆಮೇಲೆ ಗ್ರಾಫ್, ಇಳಿಜಾರು. ಕೊನೆಗೆ ಕ್ಯಾಲ್ಕುಲಸ್. ಕಾಮರ್ಸ್‌ನಿಂದ ಬಂದವರು ಹೆದರಿ ನೇರವಾಗಿ ಕ್ಯಾಲ್ಕುಲಸ್‌ಗೆ ಹಾರುತ್ತಾರೆ. ಅಲ್ಲಿ ಸಿಕ್ಕಿಹಾಕಿಕೊಳ್ಳುವುದು ಕ್ಯಾಲ್ಕುಲಸ್‌ನಿಂದ ಅಲ್ಲ, ಎರಡನೇ ಸಾಲಿನ ಬೀಜಗಣಿತದಿಂದ. ನಮ್ಮ ಪಿಯು ಗಣಿತ ಪಠ್ಯಪುಸ್ತಕವೇ ಇದಕ್ಕೆ ಸಾಕಷ್ಟಾಯಿತು. ಇಂಗ್ಲಿಷ್‌ನಲ್ಲಿ ಉಚಿತವಾಗಿ ಬೇಕಾದರೆ ಮ್ಯಾಥ್‌ಸೆಂಟರ್ ವೆಬ್‌ಸೈಟ್ ಇದೆ.

ಕೆಮಿಸ್ಟ್ರಿಯಲ್ಲಿ ಮೋಲ್ ಒಂದೇ ಸಾಕು. ಗ್ರಾಂನಿಂದ ಮೋಲ್, ಮೋಲ್‌ನಿಂದ ಸಮೀಕರಣ, ಅಲ್ಲಿಂದ ಮತ್ತೆ ಗ್ರಾಂ. ಇದು ಅರೆನಿದ್ದೆಯಲ್ಲೂ ಬರುವ ಹಾಗಾಗಲಿ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಸೈಂಟಿಫಿಕ್ ಕ್ಯಾಲ್ಕುಲೇಟರ್ ಒಂದು, ಆದರೆ ಪರೀಕ್ಷೆಗೆ ಯಾವ ಮಾಡೆಲ್ ಬಿಡುತ್ತಾರೆ ಅನ್ನುವ ಪಟ್ಟಿ ನೋಡಿ ಕೊಳ್ಳಿ. ನಮ್ಮ ಪಿಯು ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಬಿಡುವುದಿಲ್ಲ, ಹಾಗಾಗಿ ಅದರ ಬಳಕೆಯೇ ಹೊಸದು. ಆವರಣ ಚಿಹ್ನೆ ಹಾಕದೆ ಭಾಗಿಸಿ ತಪ್ಪು ಉತ್ತರ ಬರುವುದು ಮೊದಲ ತಿಂಗಳ ಸಾಮಾನ್ಯ ಕಾಯಿಲೆ. ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್ ಕಲಿಯಿರಿ: ಗ್ರಾಫ್ ಹಾಕುವುದು, ಟ್ರೆಂಡ್‌ಲೈನ್, ಗೋಲ್ ಸೀಕ್. ಮ್ಯಾಟ್‌ಲ್ಯಾಬ್, ಪೈಥಾನ್, ಆಸ್ಪೆನ್ ಹೈಸಿಸ್ ಇಂಥ ಸಾಫ್ಟ್‌ವೇರ್ ಎಲ್ಲ ಆಮೇಲೆ ಬರುತ್ತವೆ, ಈಗ ಅವುಗಳ ಹಿಂದೆ ಬೀಳಬೇಡಿ.

## ಹಂತ 7: ಫೌಂಡೇಶನ್ ವರ್ಷ, ಅಂಕ ಕೈತಪ್ಪುವ ಜಾಗಗಳು

ಮಾನಕಗಳಿಂದ ಶುರು ಮಾಡೋಣ, ಅಂದರೆ ಯೂನಿಟ್. ಅಂಕ ಜಾಸ್ತಿ ಸೋರುವುದು ಇಲ್ಲಿ.

ಅನಿಲದ ಸೂತ್ರದಲ್ಲಿ ಉಷ್ಣತೆ ಕೆಲ್ವಿನ್‌ನಲ್ಲೇ ಇರಬೇಕು. 25 ಡಿಗ್ರಿ ಸೆಲ್ಸಿಯಸ್ ಅಂದರೆ 298 ಕೆಲ್ವಿನ್. ಮರೆತು 25 ಅಂತಲೇ ಹಾಕಿದರೆ ಉತ್ತರ ಸುಮಾರು 12 ಪಟ್ಟು ತಪ್ಪುತ್ತದೆ. ಒತ್ತಡದಲ್ಲೂ ಅದೇ. ಗೇಜ್ ತೋರಿಸುವುದು ವಾತಾವರಣದ ಮೇಲಿನ ಒತ್ತಡ, ಸೂತ್ರಕ್ಕೆ ಬೇಕಾದದ್ದು ಪೂರ್ತಿ ಒತ್ತಡ.

ಕ್ರಿಯೆಯ ವೇಗದ ಲೆಕ್ಕ ತೆಗೆದುಕೊಳ್ಳಿ. ಆಕ್ಟಿವೇಷನ್ ಶಕ್ತಿ (ಕ್ರಿಯೆ ನಡೆಯಲು ಬೇಕಾದ ಕನಿಷ್ಠ ಶಕ್ತಿ) ಮೋಲ್‌ಗೆ 50 ಕಿಲೋಜೂಲ್, ಉಷ್ಣತೆ 298ರಿಂದ 308 ಕೆಲ್ವಿನ್‌ಗೆ ಏರಿತು. ಅರೇನಿಯಸ್ ಸೂತ್ರದಲ್ಲಿ ಹಾಕಿದರೆ ವೇಗ ಸುಮಾರು 1.9 ಪಟ್ಟು ಆಗಬೇಕು. ಕಿಲೋಜೂಲ್ ಅನ್ನು ಜೂಲ್‌ಗೆ ಬದಲಿಸದೆ 50 ಅಂತಲೇ ಹಾಕಿದರೆ 1.0007 ಬರುತ್ತದೆ. ಹತ್ತು ಡಿಗ್ರಿ ಏರಿದರೂ ಏನೂ ಬದಲಾಗಲಿಲ್ಲ ಅಂತ ಉತ್ತರ ಹೇಳುತ್ತಿದ್ದರೆ ಅದೇ ಎಚ್ಚರಿಕೆ ಗಂಟೆ. ಉತ್ತರ ಬರೆದ ಮೇಲೆ "ಇದು ನಡೆಯುವ ಮಾತೇ?" ಅಂತ ಕೇಳಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ, ಅದೊಂದೇ ಹತ್ತು ಅಂಕ ಉಳಿಸುತ್ತದೆ.

ಪ್ರತಿ ಸಾಲಿನಲ್ಲೂ ಯೂನಿಟ್ ಬರೆಯಿರಿ. ಕೊನೆಯಲ್ಲಿ ಮಾತ್ರ ಬರೆಯುವುದು ನಮ್ಮ ರೂಢಿ, ಅದರಿಂದ ತಪ್ಪು ಎಲ್ಲಿ ಆಯಿತು ಅಂತ ಕಾಣುವುದೇ ಇಲ್ಲ. ಅಲ್ಲಿ ಉತ್ತರಕ್ಕಿಂತ ದಾರಿಗೆ ಅಂಕ ಹೆಚ್ಚು. ತಪ್ಪು ಉತ್ತರ ಬಂದರೂ ದಾರಿ ಸ್ಪಷ್ಟ ಇದ್ದರೆ ಅರ್ಧಕ್ಕೂ ಹೆಚ್ಚು ಅಂಕ ಸಿಗಬಹುದು.

ಓದುವ ಕ್ರಮವೂ ಬದಲಾಗಬೇಕು. ಪಿಯುಸಿಯಲ್ಲಿ ಪ್ರಶ್ನೆ ಬ್ಯಾಂಕ್ ಉರು ಹೊಡೆದು, ಟ್ಯೂಷನ್ ಮೇಷ್ಟ್ರು ಹೇಳಿದ ಮುಖ್ಯ ಪ್ರಶ್ನೆ ಬರೆದರೆ ನಡೆಯುತ್ತಿತ್ತು. ಅಲ್ಲಿ ಲೆಕ್ಚರ್ ಕಡಿಮೆ, ವಾರ ವಾರ ಟ್ಯುಟೋರಿಯಲ್ ಲೆಕ್ಕಗಳ ಹಾಳೆ ಕೊಡುತ್ತಾರೆ, ಮಾಡಿದಿರಾ ಅಂತ ಯಾರೂ ಕೇಳುವುದಿಲ್ಲ. ಉತ್ತರ ಪತ್ರಿಕೆ ಸಿಗುವ ಮುಂಚೆ ಆ ಹಾಳೆಯನ್ನು ನೀವೇ ಕೈಯಲ್ಲಿ ಮಾಡಿ. ಉತ್ತರ ನೋಡುತ್ತಾ "ಹೌದು, ಗೊತ್ತಾಯಿತು" ಅನ್ನುವುದು ಕಲಿಕೆ ಅಲ್ಲ. ಗೊತ್ತಾಗದೇ ಇದ್ದರೆ ಗಣಿತ ಸಹಾಯ ಕೇಂದ್ರಕ್ಕೆ ಹೋಗಿ, ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಉಚಿತವಾಗಿ ಇದೆ. ಮೊದಲ ತಿಂಗಳಲ್ಲೇ ಹೋಗಿ.

## ಹಂತ 8: ಲ್ಯಾಬ್ ಮತ್ತು ರಿಪೋರ್ಟ್

ಟೈಟ್ರೇಷನ್ ನಮ್ಮವರಿಗೆ ಕೈಗೆ ಬಂದ ಕೆಲಸ. ಆದರೂ ಅಂಕ ಕಳೆದುಕೊಳ್ಳುತ್ತಾರೆ, ಯಾಕೆಂದರೆ ಅಲ್ಲಿ ಉತ್ತರದ ಜೊತೆ ಅದು ಎಷ್ಟು ನಂಬಿಕೆಗೆ ಅರ್ಹ ಅನ್ನುವುದನ್ನೂ ಹೇಳಬೇಕು. ಬ್ಯೂರೆಟ್‌ನ ಪ್ರತಿ ಓದಿನಲ್ಲಿ 0.05 ಘನ ಸೆಂಟಿಮೀಟರ್ ಅನಿಶ್ಚಿತತೆ ಅಂತ ಹಿಡಿದರೆ, ಶುರು ಮತ್ತು ಕೊನೆ ಎರಡು ಓದು ಸೇರಿ 0.10. 25.00ಕ್ಕೆ ಅದು ಶೇಕಡಾ 0.4. ಇದನ್ನು ರಿಪೋರ್ಟ್‌ನಲ್ಲಿ ಬರೆದು, ದೊಡ್ಡ ತಪ್ಪು ಯಾವ ಉಪಕರಣದಿಂದ ಬಂತು ಅಂತ ಹೇಳಬೇಕು. "ಮಾನವ ದೋಷ" ಅಂತ ಬರೆದರೆ ಅಂಕ ಬರುವುದಿಲ್ಲ.

ರೆಕಾರ್ಡ್ ಪುಸ್ತಕವನ್ನು ಸೀನಿಯರ್ ಪುಸ್ತಕ ನೋಡಿ ತುಂಬಿಸುವುದು ನಮ್ಮಲ್ಲಿ ಎಲ್ಲರೂ ಕಂಡ ಕೆಲಸ. ಅಲ್ಲಿ ಅದು ಶಿಸ್ತಿನ ವಿಚಾರಣೆ. ರಿಪೋರ್ಟ್‌ಗಳನ್ನು ಸಾಫ್ಟ್‌ವೇರ್‌ಗೆ ಹಾಕಿ ಹೋಲಿಸುತ್ತಾರೆ. ಗೆಳೆಯರ ಜೊತೆ ಚರ್ಚಿಸಿ, ಆದರೆ ಫೈಲ್ ಕೊಡಬೇಡಿ, ಕೊಟ್ಟವರನ್ನೂ ವಿಚಾರಿಸುತ್ತಾರೆ. ಎಐ ಸಾಧನ ಎಲ್ಲಿಯವರೆಗೆ ಬಳಸಬಹುದು ಅನ್ನುವ ನಿಯಮ ಪ್ರತಿ ವಿಷಯಕ್ಕೂ ಬೇರೆ ಇರಬಹುದು, ಬರಹದಲ್ಲಿ ಇರುವುದನ್ನು ಓದಿಯೇ ಬಳಸಿ.

## ಹಂತ 9: ಅಪಾಯದ ಸೂಚನೆಗಳು

ನವೆಂಬರ್ ಮೊದಲ ವಾರ ಒಂದು ಸಲ, ಜನವರಿ ಪರೀಕ್ಷೆಯ ಫಲಿತಾಂಶ ಬಂದಾಗ ಇನ್ನೊಂದು ಸಲ ನಿಮ್ಮನ್ನೇ ಪರೀಕ್ಷಿಸಿಕೊಳ್ಳಿ.

ಎರಡು ವಾರದ ಟ್ಯುಟೋರಿಯಲ್ ಹಾಳೆ ಬಾಕಿ ಉಳಿದಿದೆಯೇ? ಪಾರ್ಟ್‌ಟೈಮ್ ಕೆಲಸಕ್ಕಾಗಿ ಲ್ಯಾಬ್ ತಪ್ಪಿಸಿದಿರೇ? ಗಣಿತದ ಮೊದಲ ಕಿರುಪರೀಕ್ಷೆಯಲ್ಲಿ ಪಾಸಾದರೂ ಪ್ರೋಗ್ರೆಷನ್ ಗೆರೆಗಿಂತ ಕೆಳಗಿದ್ದೀರೇ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಆ ವಾರವೇ ಪರ್ಸನಲ್ ಟ್ಯೂಟರ್‌ಗೆ (ನಿಮ್ಮನ್ನು ನೋಡಿಕೊಳ್ಳಲು ವಿಭಾಗ ನೇಮಿಸಿದ ಅಧ್ಯಾಪಕರಿಗೆ) ಇಮೇಲ್ ಮಾಡಿ. ಇದುವರೆಗೆ ಬಂದ ಅಂಕ, ಉಳಿದ ಅಂಕ ಎಕ್ಸೆಲ್‌ನಲ್ಲಿ ಹಾಕಿ, ಗೆರೆ ಮುಟ್ಟಲು ಮೇ ತಿಂಗಳಲ್ಲಿ ಎಷ್ಟು ಬೇಕು ಅಂತ ಲೆಕ್ಕ ಮಾಡಿಕೊಂಡು ಹೋಗಿ. ಜನವರಿಯಲ್ಲಿ 45 ಬಂದು, ಎರಡೂ ಭಾಗಕ್ಕೆ ಸಮಾನ ತೂಕ ಇದ್ದು, ಗೆರೆ 60 ಆಗಿದ್ದರೆ ಮೇ ತಿಂಗಳಲ್ಲಿ 75 ಬೇಕು. ಆ ಸಂಖ್ಯೆ ಕಣ್ಣೆದುರು ಇದ್ದರೆ ಓದುವ ರೀತಿಯೇ ಬದಲಾಗುತ್ತದೆ.

ಜ್ವರ ಬಂತು, ಮನೆಯಲ್ಲಿ ಸಾವಾಯಿತು, ಮನಸ್ಸು ಕುಸಿಯಿತು ಅಂದರೆ ಅದನ್ನು ತಿಳಿಸಲು ಒಂದು ಅರ್ಜಿ ಇದೆ, ಅದಕ್ಕೆ ಗಡುವೂ ಇದೆ. ನಮ್ಮ ಮಕ್ಕಳು ನಾಚಿಕೆಯಿಂದ ಸುಮ್ಮನಿದ್ದು, ಫಲಿತಾಂಶ ಬಂದ ಮೇಲೆ ಹೇಳುತ್ತಾರೆ. ಆಗ ಬಹುತೇಕ ಕೇಳುವುದಿಲ್ಲ. ಮುಂಚೆಯೇ ಹೇಳಿದರೆ ಅಂಕಕ್ಕೆ ಮಿತಿ ಇಲ್ಲದೆ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಸಿಗಬಹುದು. ಹಾಜರಾತಿ ಬಿಟ್ಟರೆ ವೀಸಾಕ್ಕೇ ಕುತ್ತು, ವಿಶ್ವವಿದ್ಯಾಲಯ ಅದನ್ನು ಸರ್ಕಾರಕ್ಕೆ ವರದಿ ಮಾಡಬೇಕು.

## ಹಂತ 10: ದಾಟಿದ ಮೇಲಿನ ಬೇಸಿಗೆ

ಮೊದಲ ವರ್ಷದಲ್ಲಿ ಎಲ್ಲಕ್ಕಿಂತ ಮುಂಚೆ ಬರುವುದು ದ್ರವ್ಯದ ಲೆಕ್ಕ, ಮೆಟೀರಿಯಲ್ ಬ್ಯಾಲೆನ್ಸ್. ಸೆಪ್ಟೆಂಬರ್‌ಗೆ ಮುಂಚೆ ಇದನ್ನು ಕೈಗೆ ಹಚ್ಚಿಕೊಂಡರೆ ಉಳಿದದ್ದು ಹಗುರ.

ಒಂದು ಉದಾಹರಣೆ ಮಾಡೋಣ. ಗಂಟೆಗೆ 1000 ಕಿಲೋ ಕಬ್ಬಿನ ಹಾಲು ಬರುತ್ತದೆ, ಅದರಲ್ಲಿ ಸಕ್ಕರೆ ಶೇಕಡಾ 15. ಕುದಿಸಿ ಶೇಕಡಾ 60ರ ಪಾಕ ಮಾಡಬೇಕು. ಎಷ್ಟು ನೀರು ಹೋಗಬೇಕು? ಅವಸರದಲ್ಲಿ 60ರಿಂದ 15 ಕಳೆದು 450 ಕಿಲೋ ಅಂತ ಬರೆಯುವವರು ಬಹಳ. ಅದು ತಪ್ಪು.

1. ಒಂದು ಚೌಕ ಬರೆಯಿರಿ, ಒಳಗೆ ಬರುವ ಒಂದು ಬಾಣ, ಹೊರಗೆ ಹೋಗುವ ಎರಡು ಬಾಣ.
2. ಆಧಾರ ಬರೆಯಿರಿ: ಗಂಟೆಗೆ 1000 ಕಿಲೋ ಹಾಲು.
3. ಬದಲಾಗದ ವಸ್ತು ಹುಡುಕಿ. ಸಕ್ಕರೆ ಆವಿಯಾಗುವುದಿಲ್ಲ. ಒಳಗೆ 150 ಕಿಲೋ, ಹೊರಗೂ 150 ಕಿಲೋ.
4. ಆ 150 ಪಾಕದ ಶೇಕಡಾ 60. ಅಂದರೆ ಪಾಕ 250 ಕಿಲೋ.
5. ಉಳಿದ 750 ಕಿಲೋ ನೀರು ಆವಿಯಾಗಿ ಹೋಯಿತು.
6. ಬಳಸದ ವಸ್ತುವಿನಿಂದ ಪರೀಕ್ಷಿಸಿ. ನೀರು ಒಳಗೆ 850. ಹೊರಗೆ ಪಾಕದಲ್ಲಿ 100, ಆವಿಯಲ್ಲಿ 750. ಸರಿ ಹೋಯಿತು.

ಆರನೇ ಸಾಲು ಬಿಡುವವರೇ ಜಾಸ್ತಿ. ಬಿಡಬೇಡಿ, ಪರೀಕ್ಷೆಯಲ್ಲಿ ಸಮಯ ಕಡಿಮೆ ಇದ್ದರೂ. ಇಂಥ ಲೆಕ್ಕ ಇಪ್ಪತ್ತು ಮೂವತ್ತು ಮಾಡಿ. ಆಮೇಲೆ ಎರಡು ಚೌಕ ಜೋಡಿಸಿ, ಆಮೇಲೆ ಹೊರಬಂದದ್ದರಲ್ಲಿ ಸ್ವಲ್ಪ ಹಿಂದಕ್ಕೆ ತಿರುಗಿಸುವ ರೀಸೈಕಲ್ ಲೆಕ್ಕ. ಕೊನೆಗೆ ಇದಕ್ಕೇ ಶಾಖದ ಲೆಕ್ಕ ಸೇರಿಸಿ: ಆ 750 ಕಿಲೋ ನೀರನ್ನು ಆವಿ ಮಾಡಲು ಎಷ್ಟು ಉಗಿ ಬೇಕು?

ಅದೇ ಬೇಸಿಗೆಯಲ್ಲಿ ಎರಡು ಕಾಗದದ ಕೆಲಸ ಮುಗಿಸಿ. ಬಿಇಂಜ್‌ನಿಂದ ಎಂಇಂಜ್‌ಗೆ ಬದಲಾಗಲು ಯಾವ ವರ್ಷ ಎಷ್ಟು ಅಂಕ ಬೇಕು ಅಂತ ವಿಭಾಗದಲ್ಲಿ ಕೇಳಿಟ್ಟುಕೊಳ್ಳಿ. ಬದಲಾದರೆ ಏಟಾಸ್ ಮತ್ತು ವೀಸಾ ವಿಸ್ತರಣೆ ಬೇಕಾಗುತ್ತದೆ. ಮುಂದೆ ಭಾರತಕ್ಕೆ ಬಂದು ಸರ್ಕಾರಿ ಕೆಲಸ ಅಥವಾ ಉನ್ನತ ಓದು ಮಾಡುವ ಯೋಚನೆ ಇದ್ದರೆ ವಿದೇಶಿ ಪದವಿಯ ಸಮಾನತೆ ಬಗ್ಗೆ ಯುಜಿಸಿ 2025ರಲ್ಲಿ ತಂದ ನಿಯಮ ಓದಿ, ಪಿಯುಸಿಯಲ್ಲಿ ಗಣಿತ ಇಲ್ಲದವರು ಅದನ್ನು ಸೇರುವ ಮುಂಚೆಯೇ ಓದುವುದು ಒಳ್ಳೆಯದು. ಫೌಂಡೇಶನ್ ವರ್ಷದ ಅಂಕಪಟ್ಟಿ, ವಿಷಯಗಳ ವಿವರ ಪತ್ರ ಎರಡನ್ನೂ ಆಗಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಓದು ಮುಗಿದ ಮೇಲೆ ವಿದ್ಯಾರ್ಥಿ ಖಾತೆ ಮುಚ್ಚುತ್ತಾರೆ, ಆಮೇಲೆ ಆ ಕಾಗದ ತರಿಸಿಕೊಳ್ಳುವುದು ತಲೆನೋವು.